ಯೂಸರ್ ಏಜೆಂಟ್ ಬದಲಿಸಿದರೂ ಬ್ರೌಸರ್ ಗುರುತು ಸಿಗುವುದೇಕೆ?

ಕಲಬುರಗಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೇಂದ್ರಗಳನ್ನು ನಡೆಸುತ್ತಿರುವ ಬಳಗದ ಸದಸ್ಯರ ಗಮನಕ್ಕೆ. ಕ್ರೋಮ್ ಮಾತ್ರ ಬೇಕೆನ್ನುವ ಜಾಲತಾಣವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆಯಲು ಯೂಸರ್ ಏಜೆಂಟ್ ಬದಲಿಸುವ ಎಕ್ಸ್‌ಟೆನ್ಶನ್ ಹಾಕಿಕೊಂಡರೂ ಗುರುತು ಸಿಕ್ಕಿಬಿಡುವುದುಂಟು. ಯೂಸರ್ ಏಜೆಂಟ್ ಎಂಬುದು ಬ್ರೌಸರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಒಂದು ಸಾಲು ಮಾತ್ರ. ಜಾಲತಾಣ ಅದನ್ನಷ್ಟೇ ನಂಬಬೇಕೆಂದಿಲ್ಲ.

ಎಫ್12 ಒತ್ತಿ, ಕನ್ಸೋಲ್‌ನಲ್ಲಿ (ಬ್ರೌಸರ್‌ಗೆ ಆದೇಶ ಬರೆಯುವ ಜಾಗದಲ್ಲಿ) ನ್ಯಾವಿಗೇಟರ್‌ನ ಪ್ರಾಡಕ್ಟ್‌ಸಬ್ (navigator.productSub) ಮೌಲ್ಯವನ್ನು ಕೇಳಿ ನೋಡಿ: ಫೈರ್‌ಫಾಕ್ಸ್ 20100101 ಎಂದೂ ಕ್ರೋಮ್ 20030107 ಎಂದೂ ಉತ್ತರಿಸುತ್ತವೆ. ವೆಂಡರ್ (navigator.vendor, ಅಂದರೆ ತಯಾರಕರ ಹೆಸರು) ಎಂಬಲ್ಲಿ ಕ್ರೋಮ್ ಗೂಗಲ್‌ನ ಹೆಸರು ತೋರಿಸಿದರೆ ಫೈರ್‌ಫಾಕ್ಸ್ ಏನನ್ನೂ ತೋರಿಸುವುದಿಲ್ಲ. ಇದಲ್ಲದೆ, 2021ರಿಂದ ಕ್ರೋಮ್ ಸುರಕ್ಷಿತ ಸಂಪರ್ಕಗಳಲ್ಲಿ ಕ್ಲೈಂಟ್ ಹಿಂಟ್ಸ್ ಎಂಬ ಪ್ರತ್ಯೇಕ ಹೆಡರ್‌ಗಳನ್ನು (ಕೋರಿಕೆಯ ಜೊತೆ ಹೋಗುವ ಮಾಹಿತಿ ಸಾಲುಗಳನ್ನು) ಕಳುಹಿಸುತ್ತಿದ್ದು, ಫೈರ್‌ಫಾಕ್ಸ್ ಅವನ್ನು ಕಳುಹಿಸದ ಕಾರಣ, ಕ್ರೋಮ್ ಎಂದು ಹೇಳಿಕೊಂಡು ಆ ಹೆಡರ್‌ಗಳಿಲ್ಲದೆ ಬರುವ ಕೋರಿಕೆಯ ಮೇಲೆ ಸರ್ವರ್‌ಗೆ ಸಹಜವಾಗಿಯೇ ಅನುಮಾನ ಬರುತ್ತದೆ. ಪುಟ ತೆರೆಯುವ ಮೊದಲೇ, ಟಿಎಲ್‌ಎಸ್ ಎಂಬ, ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಸಂಪರ್ಕ ಏರ್ಪಡುವಾಗ, ಬ್ರೌಸರ್ ಮುಂದಿಡುವ ಎನ್‌ಕ್ರಿಪ್ಶನ್ ವಿಧಾನಗಳ ಪಟ್ಟಿಯೂ ಒಂದು ಗುರುತೇ. ಎಕ್ಸ್‌ಟೆನ್ಶನ್ ಅದನ್ನು ಮುಟ್ಟಲಾರದು.

ಹೀಗೆ ಹೇಳಿಕೆಗೂ ನಡತೆಗೂ ತಾಳೆಯಾಗದ ಬ್ರೌಸರನ್ನು ಕೆಲವು ತಾಣಗಳು ಬಾಟ್ (ಮನುಷ್ಯನಲ್ಲದ, ತಾನೇ ಓಡುವ ಪ್ರೋಗ್ರಾಂ) ಎಂದು ಭಾವಿಸಿ, ಕ್ಯಾಪ್ಚಾ ಮೇಲೆ ಕ್ಯಾಪ್ಚಾ ಕೇಳುತ್ತವೆ ಇಲ್ಲವೇ ಪ್ರವೇಶವನ್ನೇ ತಡೆಯುತ್ತವೆ. ಕೊನೆಯ ದಿನಾಂಕದ ಸಂಜೆ ಅರ್ಜಿದಾರರು ಎದುರಿಗೆ ಕುಳಿತಿರುವಾಗ ಇದು ಆಗಬಾರದು. ಆದ್ದರಿಂದ ಅಂಥ ತಾಣಗಳಿಗಾಗಿ ನಿಜವಾದ ಕ್ರೋಮನ್ನೇ ಇಟ್ಟುಕೊಳ್ಳಿ. ಶುಲ್ಕ ಕಟ್ಟುವ ಪುಟಕ್ಕೆ ಹೋಗುವ ಮುನ್ನ ಆ ಎಕ್ಸ್‌ಟೆನ್ಶನ್ ಆಫ್ ಆಗಿದೆಯೇ ಎಂದು ತಪ್ಪದೆ ನೋಡಿಕೊಳ್ಳಿ.