ಏರ್ ಪಿಸ್ತೂಲಿನ ಟ್ರಿಗರ್ ಸ್ಪ್ರಿಂಗ್ ಬದಲಿಸಿದ್ದು: ನನ್ನ ಅನುಭವ

10 ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಟ್ರಿಗರಿನ ಎಳೆತ 500 ಗ್ರಾಂಗಿಂತ ಹಗುರ ಇರುವಂತಿಲ್ಲ. ಪಂದ್ಯದಲ್ಲಿ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ 500 ಗ್ರಾಂ ತೂಕ ಸಿಕ್ಕಿಸಿ ಎತ್ತಿಸುತ್ತಾರೆ. ಆ ತೂಕ ತಡೆಯದೆ ಟ್ರಿಗರ್ ಬಿಟ್ಟುಕೊಂಡರೆ ಆ ಪಿಸ್ತೂಲು ಪಂದ್ಯಕ್ಕೆ ನಡೆಯುವುದಿಲ್ಲ. ಅಂದಮೇಲೆ ತೂಕ ಇಳಿಸುತ್ತಾ ಹೋಗಲು ಜಾಗವೇ ಇಲ್ಲ. ಆ 500 ಗ್ರಾಂ ಬೆರಳಿಗೆ ಹೇಗೆ ಬರಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ನಾನು ಸ್ಪ್ರಿಂಗ್ ಬದಲಿಸಿದ್ದು ಅದಕ್ಕಾಗಿ.

ಪಂದ್ಯದ ಪಿಸ್ತೂಲಿನ ಟ್ರಿಗರಿಗೆ ಎರಡು ಹಂತ. ಮೊದಲು ಬೆರಳು ಸ್ವಲ್ಪ ದೂರ ಹಿಂದೆ ಬರುತ್ತದೆ. ಆಮೇಲೆ ಒಂದು ತಡೆ ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಹೋಗುತ್ತದೆ. ಒಟ್ಟು ತೂಕದ ಬಹುಪಾಲನ್ನು ಮೊದಲ ಹಂತಕ್ಕೇ ಕೊಡುವುದು ನನಗೆ ಇಷ್ಟ. 380 ಗ್ರಾಂ ಹೊತ್ತುಕೊಂಡು ಬೆರಳು ತಡೆಯ ಹತ್ತಿರ ನಿಂತಿದ್ದರೆ, ಇನ್ನು ಸೇರಿಸಬೇಕಾದ್ದು ಸುಮಾರು ನೂರಮೂವತ್ತು ಗ್ರಾಂ ಅಷ್ಟೇ. ಅಷ್ಟಕ್ಕೆ ಮಣಿಕಟ್ಟು ಅಲುಗುವುದಿಲ್ಲ. ಗುರಿಹಲಗೆಯ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ. ಕೊನೆಗಳಿಗೆಯ ಸಣ್ಣ ಎಳೆತವೂ ಅಲ್ಲಿ ಅಂಕ ತಿನ್ನುತ್ತದೆ.

ಹಳೇ ಸ್ಪ್ರಿಂಗಿನಲ್ಲಿ ಇದು ಆಗುತ್ತಿರಲಿಲ್ಲ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಗಾಳಿಯಲ್ಲೇ ಉಪ್ಪು. ಮಳೆಗಾಲದಲ್ಲಿ ಬಾಗಿಲ ಚಿಲಕವೂ ತುಕ್ಕು ಹಿಡಿಯುವ ಊರಲ್ಲಿ, ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ ಉಳಿದೀತೇ? ಸುರುಳಿಯ ಮೇಲೆ ಕಂದು ಚುಕ್ಕೆ ಬಂದಿತ್ತು. ಟ್ರಿಗರ್ ಒಂದು ದಿನ ನಯ, ಒಂದು ದಿನ ಗರಗರ. ಹೊಂದಾಣಿಕೆಯ ಸ್ಕ್ರೂ ಕೂಡ ಕೊನೆಯವರೆಗೆ ತಿರುಗಿ ನಿಂತಿತ್ತು. ಸ್ಕ್ರೂ ಅಲ್ಲಿಗೆ ಬಂದಮೇಲೆ ಸ್ಪ್ರಿಂಗ್ ಬದಲಿಸುವುದೊಂದೇ ದಾರಿ.

ಹೊಸ ಸ್ಪ್ರಿಂಗ್ ಆರಿಸುವಾಗ ತಂತಿಯ ದಪ್ಪಕ್ಕೆ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕು. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 0.50 ಮಿಲಿಮೀಟರ್ ತಂತಿ ಇದ್ದಲ್ಲಿ 0.55 ಹಾಕಿದರೆ ಬಿಗಿ ಸುಮಾರು ಶೇ. 46 ಏರುತ್ತದೆ. 0.45 ಹಾಕಿದರೆ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಕಣ್ಣಳತೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ, ಮೈಕ್ರೋಮೀಟರ್ ಬೇಕೇ ಬೇಕು. ಇನ್ನೊಂದು ಮಾತು. ಸುರುಳಿ ಕತ್ತರಿಸಿದರೆ ಸ್ಪ್ರಿಂಗ್ ಮೆದುವಾಗುತ್ತದೆ ಅಂತ ಸುಮಾರು ಜನ ನಂಬಿದ್ದಾರೆ. ಆಗುವುದು ಉಲ್ಟಾ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಉದ್ದ ಕಮ್ಮಿಯಾಗಿ ಶುರುವಿನ ಒತ್ತಡ ಇಳಿಯುವುದರಿಂದ ಹಗುರ ಅನ್ನಿಸುತ್ತದೆ ಅಷ್ಟೇ.

ಬೆರಳಿಗೆ ಸಿಗುವ ಸುಖ ಇರುವುದು ಇಲ್ಲೇ. ಗಿಡ್ಡ, ಬಿಗಿ ಸ್ಪ್ರಿಂಗಿನಿಂದಲೂ 380 ಗ್ರಾಂ ತರಬಹುದು. ಉದ್ದ, ಮೆದು ಸ್ಪ್ರಿಂಗನ್ನು ಮೊದಲೇ ಒತ್ತಿ ಕೂರಿಸಿಯೂ ತರಬಹುದು. ಮೊದಲನೆಯದರಲ್ಲಿ ಬೆರಳು ಹಿಂದೆ ಬಂದಂತೆಲ್ಲ ತೂಕ ಏರುತ್ತಾ ಹೋಗುತ್ತದೆ, ತಡೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ತೂಕ ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಸಮ. ತಡೆ ಬಂದಾಗ ಗೋಡೆ ಮುಟ್ಟಿದ ಹಾಗೆ ಸ್ಪಷ್ಟ. ನಾನು ಎರಡನೆಯದನ್ನೇ ಆರಿಸಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಸ್ಟೇನ್‌ಲೆಸ್ ತಂತಿಯಲ್ಲಿ ಸುತ್ತಿಸಿಕೊಂಡು ಬಂದೆ. ಅದೇ ಅಳತೆಯಲ್ಲಿ ಸ್ಟೇನ್‌ಲೆಸ್ ಸ್ಪ್ರಿಂಗ್ ಮಾಮೂಲಿ ಉಕ್ಕಿನದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಮೆದು. ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಬೇಕು.

ಬಿಚ್ಚುವ ಮೊದಲು ಗಾಳಿಯ ಸಿಲಿಂಡರ್ ತೆಗೆದಿಟ್ಟೆ. ನಳಿಗೆಯಲ್ಲಿ ಪೆಲೆಟ್ ಇಲ್ಲ ಅಂತ ಕಣ್ಣಾರೆ ನೋಡಿದೆ. ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಗೆ ಕಳಿಸಿದೆ. ಟ್ರಿಗರ್ ಭಾಗವನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈ ಒಳಗೆ ಹಾಕಿ ಬಿಚ್ಚುವುದು ನನ್ನ ರೂಢಿ. ಸ್ಪ್ರಿಂಗ್ ಹಾರಿದರೂ ಚೀಲದಲ್ಲೇ ಇರುತ್ತದೆ. ಸ್ಟೇನ್‌ಲೆಸ್ ಸ್ಪ್ರಿಂಗ್ ನೆಲಕ್ಕೆ ಬಿದ್ದರೆ ಮ್ಯಾಗ್ನೆಟ್ಟಿಗೂ ಸರಿಯಾಗಿ ಸಿಗುವುದಿಲ್ಲ. ಒಂದೊಂದು ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ.

ಬದಲಿಸಿದ್ದು ಮೊದಲ ಹಂತದ ಸ್ಪ್ರಿಂಗ್ ಮಾತ್ರ. ಎರಡನೇ ಹಂತವನ್ನು ಅದರ ಸ್ಕ್ರೂನಲ್ಲೇ ಹದ ಮಾಡಿದೆ. ಗಾಳಿಯ ವಾಲ್ವಿಗೆ ಬಡಿಯುವ ಹ್ಯಾಮರನ್ನು ಹಿಡಿದು ನಿಲ್ಲಿಸುವ ಸಿಯರನ್ನೂ, ಅದರ ಸ್ಪ್ರಿಂಗನ್ನೂ ಮುಟ್ಟಲಿಲ್ಲ. ಅದು ಸಡಿಲವಾದರೆ ಪಿಸ್ತೂಲು ತಾನಾಗಿಯೇ ಪೆಲೆಟ್ ಬಿಡಬಹುದು. ಎಲ್ಲ ಜೋಡಿಸಿದ ಮೇಲೆ, ಗಾಳಿಯೂ ಪೆಲೆಟ್ಟೂ ಇಲ್ಲದೆ ಕಾಕ್ ಮಾಡಿ (ಹ್ಯಾಮರನ್ನು ಹಿಂದಕ್ಕೆ ನಿಲ್ಲಿಸಿ), ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ ನೋಡಿದೆ. ಸಿಯರ್ ಅಲುಗಲಿಲ್ಲ. ಈ ಪರೀಕ್ಷೆ ಮಾಡದೆ ಯಾರೂ ಪೆಲೆಟ್ ಹಾಕಬೇಡಿ.

ತೂಕ ನೋಡಲು ಸಣ್ಣ ಬಾಟಲಿಗೆ ತಂತಿಯ ಕೊಕ್ಕೆ ಕಟ್ಟಿ, ನೀರು ತುಂಬಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ಕೊಕ್ಕೆ ಸಮೇತ ಸರಿಯಾಗಿ 500 ಗ್ರಾಂ ಮಾಡಿಕೊಂಡಿದ್ದೇನೆ. ಕೊಕ್ಕೆ ಪ್ರತಿ ಸಲವೂ ಟ್ರಿಗರಿನ ಅದೇ ಜಾಗಕ್ಕೆ ಬೀಳಬೇಕು. ತುದಿಗೆ ಜಾರಿದರೆ ಸನ್ನೆಯ ತೋಳು ಉದ್ದವಾಗಿ ತೂಕ ಕಡಿಮೆ ತೋರಿಸುತ್ತದೆ. ನನ್ನದನ್ನು 515ಕ್ಕೆ ನಿಲ್ಲಿಸಿದ್ದೇನೆ.

ಅಭ್ಯಾಸಕ್ಕೆ ಅಂಕೋಲೆಯಿಂದ ಬರುವ ಹುಡುಗನೊಬ್ಬ ನನ್ನ ಪಿಸ್ತೂಲು ಹಿಡಿದು ನೋಡಿ, "ಅಣ್ಣಾ, ಇದು ನಂದಕ್ಕಿಂತ ಎಷ್ಟು ಹಗುರ! ನಂದೂ ಹೀಗೇ ಇಳಿಸಿ ಕೊಡಿ" ಅಂದ. ಇಬ್ಬರ ಟ್ರಿಗರಿಗೂ ಅದೇ ಬಾಟಲಿ ನೇತುಹಾಕಿ ತೋರಿಸಿದೆ. ಎರಡೂ ಎತ್ತಿದವು. ಅವನದರಲ್ಲಿ ಭಾರವೆಲ್ಲ ಎರಡನೇ ಹಂತದಲ್ಲಿತ್ತು, ಅಷ್ಟೇ. "ಹಂಚಿಕೆ ಬದಲಿಸೋಣ ತಮ್ಮಾ, ಇಳಿಸುವುದು ಬೇಡ" ಅಂದೆ. ಮುಂದಿನ ಭಾನುವಾರ ಅವನ ಕೈಯಲ್ಲೇ ಮಾಡಿಸಿದೆ.

ಹೊಸ ಸ್ಪ್ರಿಂಗ್ ಬಳಸುತ್ತಾ ಸ್ವಲ್ಪ ಕುಸಿಯುತ್ತದೆ. ಹಾಗಾಗಿ ಮೊದಲ ಕೆಲವು ವಾರ ಆಗಾಗ ತೂಕ ನೋಡುತ್ತಿರಬೇಕು. ಪಂದ್ಯಕ್ಕೆ ಹೋಗುವ ಮುನ್ನ ತಪ್ಪದೆ. ಎಣ್ಣೆ ಒಂದು ಹನಿ ಸಾಕು, ಜಾಸ್ತಿಯಾದರೆ ಧೂಳು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪಂಜಿನ ಪೆಟ್ಟಿಗೆಯಲ್ಲಿ ಇಡಬೇಡಿ, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಇದೆಲ್ಲ ಏರ್ ಪಿಸ್ತೂಲಿನ ಮಾತು. ಬೆಳೆ ಕಾಯಲು ಲೈಸೆನ್ಸ್ ಮೇಲೆ ಇಟ್ಟುಕೊಂಡ ಕೋವಿಯನ್ನು ಮನೆಯಲ್ಲಿ ಬಿಚ್ಚಬೇಡಿ, ಪರವಾನಗಿ ಇರುವ ರಿಪೇರಿಯವರಿಗೇ ಕೊಡಿ.