ಅಂಡರ್-20 ರಗ್ಬಿ ತಂಡದ ದಾಖಲೆ ಪಟ್ಟಿ ಮಾಡುವುದು ಹೇಗೆ

ಒಂದು ದೇಶದ 20 ವರ್ಷದೊಳಗಿನವರ ರಗ್ಬಿ ತಂಡ ಎಷ್ಟು ಗಟ್ಟಿ ಎಂದು ತಿಳಿಯಲು ಬಹುತೇಕರು ನೋಡುವುದು ಒಂದೇ ಅಂಕಿ: ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಷ್ಟನೇ ಸ್ಥಾನ ಬಂತು? ದಾರಿ ತಪ್ಪಿಸುವುದೂ ಅದೇ ಅಂಕಿ. 2016ರಲ್ಲಿ ಆಡಿದ 5 ಪಂದ್ಯಗಳಲ್ಲಿ 4 ಗೆದ್ದ ನ್ಯೂಜಿಲೆಂಡ್ ಐದನೇ ಸ್ಥಾನದಲ್ಲಿ ನಿಂತಿತು. ಗೆದ್ದದ್ದು ಎರಡೇ ಆದರೂ ದಕ್ಷಿಣ ಆಫ್ರಿಕಾ ಅದಕ್ಕಿಂತ ಮೇಲೆ, ನಾಲ್ಕನೇ ಸ್ಥಾನ ಪಡೆಯಿತು. ಇಂಥ ಕಡೆ ಎಡವದ ಹಾಗೆ ಪಟ್ಟಿ ಕಟ್ಟುವ ಕ್ರಮ ಇಲ್ಲಿದೆ.

ಯಾವ ತಂಡ, ಯಾವ ಟೂರ್ನಿ

ಅಂಡರ್-20 ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 2008ರಲ್ಲಿ, ವೇಲ್ಸ್‌ನಲ್ಲಿ. ಅದಕ್ಕೂ ಮುಂಚೆ ಅಂಡರ್-19 ಮತ್ತು ಅಂಡರ್-21 ಎಂದು ಎರಡು ಬೇರೆ ಬೇರೆ ವಿಶ್ವ ಟೂರ್ನಿಗಳಿದ್ದವು. ಅವುಗಳ ಜಾಗಕ್ಕೆ ಬಂದದ್ದು ಇದು. ಹಳೆಯ ಪ್ರಶಸ್ತಿಗಳನ್ನು ಹೊಸ ಲೆಕ್ಕಕ್ಕೆ ಸೇರಿಸಿದರೆ ಒಟ್ಟು ಮೊತ್ತ ಉಬ್ಬುತ್ತದೆ. ಅವಕ್ಕೆ ಬೇರೆ ಪಟ್ಟಿಯೇ ಬೇಕು. ಟೂರ್ನಿಯ ಹೆಸರೂ ಬದಲಾಗಿದೆ. ಮೊದಲ ವರ್ಷಗಳಲ್ಲಿ ಅದನ್ನು ಜೂನಿಯರ್ ವರ್ಲ್ಡ್ ಚಾಂಪಿಯನ್‌ಷಿಪ್ ಎನ್ನುತ್ತಿದ್ದರು. ಎರಡು ಹೆಸರು ಕಂಡು ಎರಡು ಟೂರ್ನಿ ಎಂದುಕೊಳ್ಳಬೇಡಿ.

ಅಡ್ಡಹೆಸರುಗಳಲ್ಲೂ ಒಂದು ಹಳ್ಳವಿದೆ. ನ್ಯೂಜಿಲೆಂಡಿನ ಅಂಡರ್-20 ಹುಡುಗರನ್ನು ಬೇಬಿ ಬ್ಲ್ಯಾಕ್ಸ್ ಎಂದು ಕರೆಯುವುದುಂಟು. ಜೂನಿಯರ್ ಆಲ್ ಬ್ಲ್ಯಾಕ್ಸ್ ಅಂದರೆ ಅದು ಬೇರೆ, ದೊಡ್ಡವರ ಎರಡನೇ ದರ್ಜೆಯ ತಂಡ. ‘ಜೂನಿಯರ್’ ಎಂಬ ಪದ ನೋಡಿ ಆ ಪಂದ್ಯಗಳನ್ನು ಇಲ್ಲಿಗೆ ತಂದು ಸುರಿದರೆ ಪಟ್ಟಿ ಅಲ್ಲೇ ಕೆಟ್ಟಿತು.

ವಯಸ್ಸನ್ನು ಜನವರಿ 1ಕ್ಕೆ ಲೆಕ್ಕ ಹಾಕುತ್ತಾರೆ. 2024ರ ಟೂರ್ನಿಗೆ 2004ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು. ವರ್ಷದ ನಡುವೆ ಟೂರ್ನಿ ನಡೆಯುವ ಹೊತ್ತಿಗೆ ತಂಡದಲ್ಲಿ ಕೆಲವರಿಗೆ 20 ತುಂಬಿರುತ್ತದೆ. ಅದು ತಪ್ಪಲ್ಲ, ತಿದ್ದಲು ಹೋಗಬೇಡಿ.

ಕಾಲಂಗಳು

ಪ್ರತಿ ವರ್ಷಕ್ಕೆ ಒಂದು ಸಾಲು. ಕಾಲಂಗಳು ಎಂಟು: ವರ್ಷ, ಆತಿಥೇಯ ದೇಶ, ದರ್ಜೆ (ಮೇಲಿನ ವಿಶ್ವ ಚಾಂಪಿಯನ್‌ಷಿಪ್ಪೋ, ಅದರ ಕೆಳಗಿನ ಟ್ರೋಫಿಯೋ), ಒಟ್ಟು ತಂಡಗಳು, ಗುಂಪಿನಲ್ಲಿ ಸ್ಥಾನ, ಗೆಲುವು-ಸೋಲು-ಡ್ರಾ, ಅಂತಿಮ ಸ್ಥಾನ, ಕೊನೆಯ ಪಂದ್ಯದ ಸ್ಕೋರ್. ದರ್ಜೆ ಮತ್ತು ಒಟ್ಟು ತಂಡಗಳು, ಈ ಎರಡನ್ನೇ ಜನ ಬಿಟ್ಟುಬಿಡುವುದು. 2008 ಮತ್ತು 2009ರಲ್ಲಿ 16 ತಂಡಗಳಿದ್ದವು, 2010ರಿಂದ 12 ಆದವು. 2026ರಿಂದ ಮತ್ತೆ 16 ಎಂದು ರಗ್ಬಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ರಗ್ಬಿ ಪ್ರಕಟಿಸಿದೆ. 16ರಲ್ಲಿ 12ನೇ ಸ್ಥಾನ ಬಂದ ತಂಡದ ಕೆಳಗೆ ಇನ್ನೂ ನಾಲ್ವರಿದ್ದಾರೆ. 12ರಲ್ಲಿ 12ನೆಯದು ಅಂದರೆ ಎಲ್ಲರಿಗಿಂತ ಕೊನೆ. ಅದಕ್ಕೇ ‘12/16’, ‘12/12’ ಎಂದು ಬರೆಯುವುದು ಒಳ್ಳೆಯದು.

2020, 2021, 2022ರಲ್ಲಿ ಟೂರ್ನಿ ನಡೆಯಲಿಲ್ಲ. ಆ ಮೂರು ಸಾಲುಗಳನ್ನು ಅಳಿಸದೆ ‘ರದ್ದು’ ಎಂದು ಬರೆದಿಡಿ. ಇಲ್ಲದಿದ್ದರೆ ಫ್ರಾನ್ಸ್ 2018, 2019, 2023ರಲ್ಲಿ ಸತತ ಮೂರು ಸಲ ಗೆದ್ದದ್ದು ನೋಡುವವರಿಗೆ ಸತತ ಎಂದೇ ಕಾಣುವುದಿಲ್ಲ.

ಗುಂಪಿನ ಲೆಕ್ಕ: 2016ನ್ನು ಬಿಡಿಸಿ ನೋಡಿ

12 ತಂಡಗಳ ಪದ್ಧತಿಯಲ್ಲಿ ನಾಲ್ಕು ನಾಲ್ಕು ತಂಡಗಳ ಮೂರು ಗುಂಪು. ಸೆಮಿಫೈನಲ್‌ಗೆ ಮೂವರು ಗುಂಪು ವಿಜೇತರು ಮತ್ತು ಎರಡನೇ ಸ್ಥಾನದವರಲ್ಲಿ ಅತಿ ಹೆಚ್ಚು ಅಂಕ ಪಡೆದ ಒಬ್ಬರು. ಉಳಿದ ಎಂಟು ತಂಡಗಳಿಗೆ 5ರಿಂದ 8, 9ರಿಂದ 12ನೇ ಸ್ಥಾನಗಳ ಹೋರಾಟ. ಗೆದ್ದರೆ 4 ಅಂಕ, ಡ್ರಾ ಆದರೆ 2. ನಾಲ್ಕು ಅಥವಾ ಹೆಚ್ಚು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಹೊಡೆದರೆ 1 ಬೋನಸ್, 7 ಅಥವಾ ಕಡಿಮೆ ಅಂತರದಲ್ಲಿ ಸೋತರೆ ಅದಕ್ಕೂ 1.

ನ್ಯೂಜಿಲೆಂಡ್ ಗುಂಪಿನಲ್ಲಿ ಜಾರ್ಜಿಯಾವನ್ನು 55-0ರಿಂದ ಹೊಸಕಿತು, ಐರ್ಲೆಂಡ್‌ಗೆ 24-33ರಿಂದ ಸೋತಿತು, ವೇಲ್ಸ್ ವಿರುದ್ಧ 18-17ರಿಂದ ಹೇಗೋ ಪಾರಾಯಿತು. ಐರ್ಲೆಂಡ್ ಎದುರು ಸೋಲಿನ ಅಂತರ 9, ಹಾಗಾಗಿ ಸೋಲಿನ ಬೋನಸ್ ಇಲ್ಲ. ಇನ್ನೊಂದು ಗುಂಪಿನಲ್ಲಿ ದಕ್ಷಿಣ ಆಫ್ರಿಕಾ ಅರ್ಜೆಂಟೀನಾಗೆ 13-19ರಿಂದ ಸೋತಿತು. ಅಂತರ 6, ಒಂದು ಬೋನಸ್ ಕೈಗೆ ಬಂತು. ಎರಡೂ ತಂಡಗಳು ಗುಂಪಿನಲ್ಲಿ ಎರಡು ಗೆದ್ದು ಒಂದು ಸೋತವೇ. ಆದರೂ ಸೆಮಿಫೈನಲ್ ಸಿಕ್ಕಿದ್ದು ದಕ್ಷಿಣ ಆಫ್ರಿಕಾಗೆ. ಅಲ್ಲಿ ಇಂಗ್ಲೆಂಡ್‌ಗೆ 17-39, ಮೂರನೇ ಸ್ಥಾನದ ಪಂದ್ಯದಲ್ಲಿ ಅರ್ಜೆಂಟೀನಾಗೆ 19-49. ಎರಡೂ ಸೋತರೂ ನಾಲ್ಕನೇ ಸ್ಥಾನ ಖಚಿತ. ಅತ್ತ ನ್ಯೂಜಿಲೆಂಡ್ ವೇಲ್ಸನ್ನು 71-12, ಆಸ್ಟ್ರೇಲಿಯಾವನ್ನು 55-24ರಿಂದ ಸೋಲಿಸಿತು. ಸಿಕ್ಕಿದ್ದು ಐದು.

ಅಂತಿಮ ಸ್ಥಾನ ತಂಡದ ಬಲದಷ್ಟೇ ಗುಂಪಿನ ಎರಡನೇ ಸ್ಥಾನದ ಅಂಕಗಳನ್ನೂ ಹೇಳುತ್ತದೆ. ಹೀಗಾಗಿ ಗುಂಪಿನಲ್ಲಿ ಸೋತ ಪ್ರತಿ ಪಂದ್ಯದ ಪಕ್ಕ ಅಂತರವನ್ನು ಬರೆದಿಡಿ. 2008, 2009ರಲ್ಲಿ ನಾಲ್ಕು ಗುಂಪುಗಳಿದ್ದವು, ವಿಜೇತರಿಗೆ ಮಾತ್ರ ಸೆಮಿಫೈನಲ್. ಎರಡನೆಯವರಿಗೆ ದಾರಿಯೇ ಇರಲಿಲ್ಲ.

ಮೇಲೆ ಕೆಳಗೆ ಓಡಾಡುವ ತಂಡಗಳು

ಕೊನೆಯ ಸ್ಥಾನದ ತಂಡ ಎರಡನೇ ದರ್ಜೆಯ ಟೂರ್ನಿಯಾದ ಟ್ರೋಫಿಗೆ ಇಳಿಯುತ್ತಿತ್ತು, ಟ್ರೋಫಿ ಗೆದ್ದವರು ಮೇಲೇರುತ್ತಿದ್ದರು. ಇದನ್ನು ಕಲಿಯಲು ಜಪಾನ್‌ಗಿಂತ ಒಳ್ಳೆಯ ಪಾಠವಿಲ್ಲ. 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಟ್ರೋಫಿ ಗೆದ್ದು ಮೇಲೇರಿತು. 2015ರಲ್ಲಿ ಉಳಿದುಕೊಂಡಿತು, 2016ರಲ್ಲಿ ಇಳಿಯಿತು. 2017ರಲ್ಲಿ ಉರುಗ್ವೆಯಲ್ಲಿ ಮತ್ತೆ ಟ್ರೋಫಿ. 2018ರಲ್ಲಿ 11ನೇ ಸ್ಥಾನದ ಪಂದ್ಯವನ್ನು ಐರ್ಲೆಂಡ್‌ಗೆ 33-39ರಿಂದ ಸೋತು ಮತ್ತೆ ಕೆಳಗೆ. 2019ರಲ್ಲಿ ಬ್ರೆಜಿಲ್‌ನಲ್ಲಿ ಪೋರ್ಚುಗಲ್ ವಿರುದ್ಧ 35-34ರಿಂದ ಫೈನಲ್ ಗೆದ್ದು ಮತ್ತೆ ಮೇಲೆ.

ದರ್ಜೆಯ ಕಾಲಂ ಇಲ್ಲದಿದ್ದರೆ 2016ರಿಂದ 2019ರವರೆಗಿನ ಜಪಾನ್ ಸಾಲುಗಳು 12, 1, 12, 1 ಎಂದು ಹುಚ್ಚುಹುಚ್ಚಾಗಿ ಕಾಣುತ್ತವೆ. ಎರಡೂ ದರ್ಜೆಯ ಗೆಲುವುಗಳನ್ನು ಕೂಡಿಸಿ ಶೇಕಡಾವಾರು ತೆಗೆಯುವುದಂತೂ ಬೇಡವೇ ಬೇಡ. ಇನ್ನೊಂದು ಸೂಕ್ಷ್ಮ: 2019ರ ಬಡ್ತಿ ಮೈದಾನದಲ್ಲಿ ಕಂಡದ್ದು 2023ರಲ್ಲಿ. ಅಷ್ಟರಲ್ಲಿ ಗೆದ್ದ ಹುಡುಗರೆಲ್ಲ ವಯಸ್ಸು ಮೀರಿದ್ದರು. ಬಂದದ್ದು ಪೂರ್ತಿ ಬೇರೆ ತಂಡ, ಅದು ಅದೇ ವರ್ಷ ಕೆಳಗಿಳಿಯಿತು.

ವಾರ್ಷಿಕ ಟೂರ್ನಿ ಬೇರೆ ಹಾಳೆಯಲ್ಲಿ

ಯುರೋಪಿನ ಆರು ದೇಶಗಳು ಪ್ರತಿ ವರ್ಷ ಆಡುವ ಅಂಡರ್-20 ಸಿಕ್ಸ್ ನೇಷನ್ಸ್‌ನಲ್ಲಿರುವ ತಂಡವಾದರೆ ಅದರ 5 ಪಂದ್ಯಗಳಿಗೆ ಇನ್ನೊಂದು ಹಾಳೆ ತೆಗೆಯಿರಿ. 2017ಕ್ಕೆ ಮುಂಚೆ ಅಲ್ಲಿ ಗೆಲುವಿಗೆ 2 ಅಂಕ, ಬೋನಸ್ ಇರಲಿಲ್ಲ. ಆ ಮೇಲೆ 4 ಅಂಕ ಮತ್ತು ಬೋನಸ್. ಹಳೆಯ ಅಂಕಗಳನ್ನು ಹೊಸ ಅಂಕಗಳ ಜೊತೆ ಹೋಲಿಸಲು ಬರುವುದಿಲ್ಲ, ಗೆಲುವುಗಳನ್ನಷ್ಟೇ ಹೋಲಿಸಿ. ಐದಕ್ಕೆ ಐದೂ ಗೆದ್ದ ವರ್ಷಕ್ಕೆ ‘ಗ್ರ್ಯಾಂಡ್ ಸ್ಲ್ಯಾಮ್’ ಎಂದು ಗುರುತು ಹಾಕಿ. ಐರ್ಲೆಂಡ್‌ಗೆ 2019, 2022, 2023ರಲ್ಲಿ ಈ ಗುರುತು ಬೀಳುತ್ತದೆ. ಇದೇ ಐರ್ಲೆಂಡ್ 2023ರ ವಿಶ್ವ ಫೈನಲ್‌ನಲ್ಲಿ ಫ್ರಾನ್ಸ್‌ಗೆ 14-50ರಿಂದ ಸೋತಿತು. ಒಂದು ಟೂರ್ನಿಯ ಫಲಿತಾಂಶದಿಂದ ಇನ್ನೊಂದನ್ನು ಊಹಿಸಿ ತುಂಬಿಸುವ ಚಾಳಿ ಇದ್ದರೆ ಬಿಡಿ.

ತಾಳೆ ನೋಡುವುದು

2025ರವರೆಗೆ 16 ತಂಡಗಳಿದ್ದಾಗಲೂ, 12 ಇದ್ದಾಗಲೂ ಪ್ರತಿ ತಂಡಕ್ಕೂ 5 ಪಂದ್ಯ: ಗುಂಪಿನಲ್ಲಿ 3, ಆಮೇಲೆ 2. 12 ತಂಡಗಳ ಟೂರ್ನಿಯಲ್ಲಿ ಒಟ್ಟು 30 ಪಂದ್ಯ, 16ರಲ್ಲಿ 40. 2008ರಿಂದ 2025ರವರೆಗೆ 15 ಟೂರ್ನಿಗಳು ನಡೆದಿವೆ. ಎಲ್ಲದರಲ್ಲೂ ಆಡಿದ ಇಂಗ್ಲೆಂಡ್‌ನ ಗೆಲುವು, ಸೋಲು, ಡ್ರಾ ಕೂಡಿಸಿದರೆ 75 ಬರಬೇಕು. 74 ಬಂದರೆ ಯಾವುದೋ ಸ್ಥಾನದ ಪಂದ್ಯ ಬಿಟ್ಟಿದ್ದೀರಿ. ಸಾಮಾನ್ಯವಾಗಿ ಕಳೆದುಹೋಗುವುದು 5ನೇ ಅಥವಾ 7ನೇ ಸ್ಥಾನದ ಪಂದ್ಯ, ಅದರ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ.

ಪ್ರಶಸ್ತಿಗಳಿಗೂ ಇದೇ ತಾಳೆ. 2025ರವರೆಗೆ ನ್ಯೂಜಿಲೆಂಡ್ 6, ಇಂಗ್ಲೆಂಡ್ 4, ಫ್ರಾನ್ಸ್ 3, ದಕ್ಷಿಣ ಆಫ್ರಿಕಾ 2, ಒಟ್ಟು 15. ಇಂಗ್ಲೆಂಡ್ ಸಾಲಿಗೆ ಫೈನಲ್‌ಗಳ ಲೆಕ್ಕವನ್ನೂ ಸೇರಿಸಿ: ಗೆದ್ದದ್ದು 2013, 2014, 2016, 2024, ಸೋತದ್ದು 2008, 2009, 2011, 2015, 2017, 2018. ಹತ್ತು ಫೈನಲ್, ಅದರಲ್ಲೂ 2013ರಿಂದ 2018ರವರೆಗೆ ಒಂದು ವರ್ಷವೂ ತಪ್ಪಿಲ್ಲ. ಬರೀ ‘4 ಪ್ರಶಸ್ತಿ’ ಎಂದು ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ.