ಗ್ರಾಂಕ್ ಹೊಟ್ಟೇಲಿ ಮಳೆನೀರು: ಕ್ಲಾಸ್ 08 ಜೊತೆ ನನ್ನ ಅನುಭವ

ನಮ್ಮ ದೊಡ್ಡಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿದ್ರು. ನಾನು ಓದಿದ್ದು ಕಂಪ್ಯೂಟರ್, ಕೆಲಸಕ್ಕೆ ಬಂದಿದ್ದು ಇಂಗ್ಲೆಂಡಿನ ಲೀಡ್ಸ್‌ಗೆ, ಗ್ರೀಸ್ ಮುಟ್ಟಿದವನೇ ಅಲ್ಲ. ಇಲ್ಲಿಗೆ ಬಂದು ಮೂರನೇ ವರ್ಷ ಚಳಿಗಾಲದ ವೀಕೆಂಡಲ್ಲಿ ಮನೇಲಿ ಕೂತು ಕೂತು ತಲೆ ಕೆಟ್ಟು, ಹತ್ರದ ಒಂದು ಹೆರಿಟೇಜ್ ರೈಲ್ವೇಲಿ (ಹಳೇ ಎಂಜಿನ್‌ಗಳನ್ನ ಉಳಿಸಿ ಓಡಿಸೋ ಲೈನು) ವಾಲಂಟಿಯರ್ ಬೇಕು ಅಂತ ಬೋರ್ಡ್ ನೋಡಿ ಹೋದೆ. ಸ್ಟೀಮ್ ಎಂಜಿನ್ ಕಡೆ ಕ್ಯೂ ಇತ್ತು, ಡೀಸೆಲ್ ಗ್ಯಾಂಗಲ್ಲಿ ನಾಲ್ಕೇ ಜನ, ನನ್ನನ್ನ ಅವತ್ತೇ ಸೇರಿಸ್ಕೊಂಡ್ರು, ಕೈಗೊಂದು ವೈರ್ ಬ್ರಷ್ ಕೊಟ್ರು. ರಾತ್ರಿ ದೊಡ್ಡಪ್ಪಂಗೆ ಫೋನ್ ಮಾಡಿ ಹೇಳಿದ್ರೆ ಮೊದಲ ಪ್ರಶ್ನೆ "ಸಂಬಳ ಎಷ್ಟು ಕೊಡ್ತಾರೋ?" ಇಲ್ಲ ದೊಡ್ಡಪ್ಪ, ನಾನೇ ವರ್ಷಕ್ಕೆ ಮೆಂಬರ್‌ಶಿಪ್ ದುಡ್ಡು ಕಟ್ಟಬೇಕು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ, ಆಮೇಲೆ ದೊಡ್ಡಮ್ಮನ್ನ ಕರೆದು ಹೇಳ್ಕೊಂಡು ನಕ್ಕಿದ್ದು ಕೇಳಿಸ್ತು.

ನಮ್ಮ ಪಾಲಿಗೆ ಬಂದಿದ್ದು ಕ್ಲಾಸ್ 08. ಶಂಟಿಂಗ್ ಎಂಜಿನ್, ಅಂದ್ರೆ ಯಾರ್ಡಲ್ಲಿ ವ್ಯಾಗನ್ ಜೋಡಿಸೋಕೆ ಬಿಡಿಸೋಕೆ ಎಳೆದಾಡೋದು. ಇಲ್ಲಿನ ರೈಲು ಹುಚ್ಚರು ಇದನ್ನ ಗ್ರಾಂಕ್ ಅಂತಾರೆ. ಫೋಟೋ ತೆಗೆಯೋರು ಇದರ ಮುಂದೆ ನಿಂತ್ಕೊಂಡೇ ಹಿಂದೆ ಇರೋ ಡೆಲ್ಟಿಕ್ ಅನ್ನೋ ಹೆಸರಾಂತ ಎಕ್ಸ್‌ಪ್ರೆಸ್ ಡೀಸೆಲ್ ಎಂಜಿನ್ ಫೋಟೋ ತೆಗೀತಾರೆ, ಅಷ್ಟು ಮರ್ಯಾದೆ ಇದಕ್ಕೆ. ಆದ್ರೆ 1952ರಿಂದ 1962ರವರೆಗೆ ಡಾರ್ಬಿ, ಕ್ರೂ, ಡಾರ್ಲಿಂಗ್ಟನ್, ಡಾಂಕಾಸ್ಟರ್, ಹಾರ್ವಿಚ್ ಈ ಐದು ಕಾರ್ಖಾನೆ ಸೇರಿ ಕಟ್ಟಿದ್ದು 996. ಬ್ರಿಟನ್ನಿನ ಇನ್ಯಾವ ಡೀಸೆಲ್ ಕ್ಲಾಸೂ ಇದರ ಸಂಖ್ಯೆ ಹತ್ರ ಬರಲ್ಲ. ಡಿಸೈನ್ ಹೊಸದೇನಲ್ಲ, 1930ರ ದಶಕದಲ್ಲಿ ಎಲ್‌ಎಂಎಸ್ ಅನ್ನೋ ರೈಲ್ವೆ ಕಂಪನಿ ಇಂಗ್ಲಿಷ್ ಎಲೆಕ್ಟ್ರಿಕ್‌ನವರ ಎಂಜಿನ್ ಹಾಕಿ ಶಂಟರ್ ಮಾಡ್ಸಿತ್ತಲ್ಲ, ಅದನ್ನೇ ತಿದ್ದಿ ತೀಡಿ ಬ್ರಿಟಿಷ್ ರೈಲ್ವೇಸ್ ಮುಂದುವರಿಸಿದ್ದು.

ಲೆಕ್ಕ ನೋಡಿದ್ರೆ ನಗು ಬರುತ್ತೆ. 350 ಹಾರ್ಸ್‌ಪವರ್, ಈಗಿನ ದೊಡ್ಡ ಲಾರಿಗೆ ಇದಕ್ಕಿಂತ ಜಾಸ್ತಿ ಇರುತ್ತೆ. ಟಾಪ್ ಸ್ಪೀಡ್ ಗಂಟೆಗೆ 15 ಮೈಲಿ, ಹುಷಾರಾಗಿರೋ ಹುಡುಗ ಸೈಕಲ್ಲಲ್ಲಿ ಹಿಂದೆ ಹಾಕ್ತಾನೆ. ಆದ್ರೆ ಗಾಡಿ ತೂಕ ಸುಮಾರು 50 ಟನ್, ಡೀಸೆಲ್ ಎಂಜಿನ್ ಜನರೇಟರ್ ತಿರುಗಿಸುತ್ತೆ, ಜನರೇಟರ್ ಎರಡು ಮೋಟಾರಿಗೆ ಕರೆಂಟ್ ಕೊಡುತ್ತೆ, ಮೋಟಾರ್ ಮತ್ತು ಚಕ್ರದ ಮಧ್ಯೆ ಎರಡು ಹಂತದ ಗೇರು, ಅದರ ಮೇಲೆ ಸ್ಟೀಮ್ ಎಂಜಿನ್ ಥರಾನೇ ಹೊರಗಡೆ ರಾಡ್ ಹಾಕಿ ಮೂರೂ ಆಕ್ಸಲ್ ಕಟ್ಟಿಹಾಕಿದ್ದಾರೆ, ಹಾಗಾಗಿ ನಿಂತಲ್ಲಿಂದ 35,000 ಪೌಂಡ್ ಬಲದಲ್ಲಿ ಎಳೆಯುತ್ತೆ. ಓಟದ ಕುದುರೆ ಅಲ್ಲ, ಗಾಣದ ಎತ್ತು.

ನಮ್ಮ ಗ್ಯಾಂಗಲ್ಲಿ ಒಬ್ಬ ಅಜ್ಜ ಇದ್ದಾರೆ, ಎಪ್ಪತ್ತು ದಾಟಿದೆ, ಯಾರ್ಡಲ್ಲಿ ರಾತ್ರಿ ಪಾಳಿ ಶಂಟಿಂಗ್ ಮಾಡಿದವರು. ಟೀ ಕುಡೀವಾಗ ಅವರ ಬಾಯಿ ಬಿಡಿಸ್ಬೇಕು. ಸ್ಟೀಮ್ ಶಂಟರ್‌ಗೆ ಬೆಳಗ್ಗಿನ ಕೆಲಸಕ್ಕೆ ನಡುರಾತ್ರೀಲೇ ಬೆಂಕಿ ಹಾಕ್ಬೇಕು, ಇಬ್ಬರು ಬೇಕು, ಸುಮ್ನೆ ನಿಂತಿದ್ರೂ ಕಲ್ಲಿದ್ದಲು ತಿನ್ನುತ್ತೆ. 08 ಬಂದ್ಮೇಲೆ ಬಟನ್ ಒತ್ತಿದ್ರೆ ಮುಗೀತು, ದಿನಗಟ್ಟಲೆ ಆಫ್ ಮಾಡದೇ ಓಡಿಸ್ತಿದ್ರಂತೆ. ಇದರ ಆಯಸ್ಸಲ್ಲಿ ಹೆಚ್ಚಿನ ಪಾಲು ಓಡಿದ್ದಲ್ಲ, ಡುಗು ಡುಗು ಅನ್ಕೊಂಡು ಸಿಗ್ನಲ್ಲಿಗೆ ಕಾದಿದ್ದು. ಶೆಫೀಲ್ಡ್ ಹತ್ರ ಟಿನ್ಸ್‌ಲಿ ಯಾರ್ಡ್ 1965ರಲ್ಲಿ ಶುರುವಾದಾಗ ಅಲ್ಲಿ ದಿಬ್ಬದ ಮೇಲಕ್ಕೆ (ಆಚೆ ಕಡೆ ವ್ಯಾಗನ್‌ಗಳು ತಾವಾಗೇ ಉರುಳಿ ಬೇರೆ ಬೇರೆ ಹಳಿಗೆ ಹೋಗ್ಲಿ ಅಂತ) ಗೂಡ್ಸ್ ತಳ್ಳೋಕೆ ಒಂದು 08 ಸಾಕಾಗಲ್ಲ ಅಂತ ಎರಡೆರಡು ಸೇರಿಸಿ, ಒಂದರ ಕ್ಯಾಬ್ ಕಿತ್ತುಹಾಕಿ, ಮೂರು ಜೋಡಿ ಮಾಡಿದ್ರು, ಅದು ಕ್ಲಾಸ್ 13. ವೇಲ್ಸಲ್ಲಿ ಬರಿ ಪೋರ್ಟ್ ಅನ್ನೋ ಊರಿನ ಕಡೆ ಸೇತುವೆಗಳು ಕೆಳಗಿದ್ವು ಅಂತ ಕೆಲವು 08ಗಳ ಕ್ಯಾಬ್ ತಲೆ ಕತ್ತರಿಸಿ ಗಿಡ್ಡ ಮಾಡಿದ್ರು. ಪಾಪ ಯಾರು ಏನು ಮಾಡಿದ್ರೂ ಸಹಿಸ್ಕೊಂಡಿದೆ.

ಯಾರ್ಡ್‌ಗಳೇ ಮುಚ್ಚಿದ್ಮೇಲೆ ಇದಕ್ಕೆ ಕೆಲಸ ಎಲ್ಲಿಂದ ಬರುತ್ತೆ. 1963ರ ಬೀಚಿಂಗ್ ವರದಿ (ನಷ್ಟದ ಲೈನು, ಸ್ಟೇಷನ್ ಮುಚ್ಚಿ ಅಂದಿದ್ದು) ಆದ್ಮೇಲೆ ಒಂದೊಂದು ವ್ಯಾಗನ್ ಬಿಡಿಬಿಡಿಯಾಗಿ ಸಾಗಿಸೋ ವ್ಯಾಪಾರ ಕರಗ್ತಾ ಹೋಯ್ತು, ಇಡೀ ರೇಕ್, ಅಂದ್ರೆ ವ್ಯಾಗನ್‌ಗಳ ಪೂರಾ ಸಾಲು, ಒಂದೇ ಕಡೆ ಹೋಗಿ ಬರೋ ಪದ್ಧತಿ ಬಂತು, ಜೋಡಿಸೋದು ಬಿಡಿಸೋದು ಇಲ್ಲ ಅಂದ್ರೆ ಶಂಟರ್ ಯಾಕೆ. ಸಾಲು ಸಾಲು ಗುಜರಿಗೆ ಹೋದ್ವು. ಆದ್ರೂ ಡಿಪೋಗಳಲ್ಲಿ, ನಮ್ಮಂಥ ಲೈನ್‌ಗಳಲ್ಲಿ ಸೇರಿ ನೂರಕ್ಕೂ ಮೇಲೆ ಉಳ್ಕೊಂಡಿವೆ. ಜಾಗ ಬದಲಾಯಿಸ್ಬೇಕಾದ್ರೆ ಈಗ ಹೆಚ್ಚಾಗಿ ಟ್ರೇಲರ್ ಮೇಲೆ ಹೇರ್ಕೊಂಡು ರೋಡಲ್ಲೇ ಒಯ್ತಾರೆ, 15 ಮೈಲಿ ಸ್ಪೀಡಿನದ್ದನ್ನ ಮೇನ್ ಲೈನಿಗೆ ಬಿಟ್ರೆ ಹಿಂದಿನ ರೈಲುಗಳೆಲ್ಲ ಶಾಪ ಹಾಕ್ತವೆ.

ಈಗ ನಮ್ಮ ಕಥೆಗೆ ಬರ್ತೀನಿ. ನಮ್ಮ 08 ಒಂದೂವರೆ ವರ್ಷ ಸೈಡಿಂಗಲ್ಲಿ ನಿಂತಿತ್ತು, ಬ್ಯಾಟರಿ ಸತ್ತಿತ್ತು, ಹೊಸ ಬ್ಯಾಟರಿಗೆ ದುಡ್ಡು ಒಟ್ಟು ಮಾಡೋಷ್ಟ್ರಲ್ಲಿ ಅಷ್ಟು ದಿನ ಆಯ್ತು. ಬ್ಯಾಟರಿ ಬಂದ ಶನಿವಾರ ನನಗಂತೂ ತಡೆಯೋಕಾಗ್ತಿಲ್ಲ, ಸ್ಟಾರ್ಟ್ ಮಾಡೇಬಿಡೋಣ ಅಂದೆ. ಅಜ್ಜ ಬಿಡ್ಲಿಲ್ಲ. ಮೊದಲು ಕೈಯಲ್ಲಿ ತಿರುಗಿಸು ಅಂದ್ರು.

ಕೈಯಲ್ಲಿ ತಿರುಗಿಸೋದು ಅಂದ್ರೆ ಆರೂ ಸಿಲಿಂಡರಿನ ಕಾಕ್ (ಒಳಗಿನ ಗಾಳಿ ಹೊರಗೆ ಬಿಡೋ ಪುಟ್ಟ ನಲ್ಲಿ) ತೆಗೆದು, ಉದ್ದನೆ ಕಬ್ಬಿಣದ ಬಾರ್ ಹಾಕಿ ಮೀಟ್ತಾ ಎಂಜಿನ್ನನ್ನ ಸ್ವಲ್ಪ ಸ್ವಲ್ಪ ತಿರುಗಿಸೋದು. ಇದು ಫೋರ್ ಸ್ಟ್ರೋಕ್, ಒಂದು ಸುತ್ತು ಸಾಲಲ್ಲ, ಎಲ್ಲಾ ಸಿಲಿಂಡರ್ ಪರೀಕ್ಷೆ ಆಗ್ಬೇಕಂದ್ರೆ ಪೂರಾ ಎರಡು ಸುತ್ತು ಬೇಕು. ಸಿಲಿಂಡರ್ 10 ಇಂಚು ಅಗಲ, ಪಿಸ್ಟನ್ 12 ಇಂಚು ಮೇಲೆ ಕೆಳಗೆ ಆಡುತ್ತೆ, ಲೆಕ್ಕ ಹಾಕಿದ್ರೆ ಒಂದೊಂದು ಸಿಲಿಂಡರ್ ಹದಿನೈದು ಲೀಟರ್ ಮೇಲೆ, ಅಂದ್ರೆ ಮನೇಲಿ ನೀರು ತುಂಬೋ ಬಿಂದಿಗೆಯಷ್ಟು. ಅಂಥವು ಆರು. ಇಪ್ಪತ್ತು ನಿಮಿಷಕ್ಕೆ ನನ್ನ ಭುಜ ಬಿದ್ದೋಯ್ತು. ಒಂದು ಸುತ್ತು ದಾಟಿ ಸ್ವಲ್ಪ ಮುಂದೆ ಹೋಗಿದೀವಿ, ಮೂರನೇ ಸಿಲಿಂಡರ್ ಕಾಕಿಂದ ಚುಯ್ ಅಂತ ಕಂದು ನೀರು ಹಾರಿ ನನ್ನ ಮುಖಕ್ಕೆ ಹೊಡೀತು. ತುಕ್ಕು, ಮಸಿ, ಹಳೇ ಎಣ್ಣೆ ಎಲ್ಲ ಸೇರಿದ ರುಚಿ, ಹೇಳೋಕಾಗಲ್ಲ.

ಅಜ್ಜನಿಗೆ ಆಶ್ಚರ್ಯಾನೇ ಆಗ್ಲಿಲ್ಲ. ಬೆರಳು ಮೇಲೆ ತೋರಿಸಿದ್ರು. ಚಿಮಣಿ ತೆರೆದಿತ್ತು. ಮುಚ್ಚಿದ್ದ ಟಾರ್ಪಾಲು ಯಾವತ್ತೋ ಗಾಳಿಗೆ ಹಾರಿಹೋಗಿದೆ, ಯಾರೂ ನೋಡಿಲ್ಲ, ಯಾರ್ಕ್‌ಶೈರ್ ಮಳೆ ಗೊತ್ತಲ್ಲ, ಸೋನೆ ಹಿಡಿದ್ರೆ ಮಡಿಕೇರಿ ನೆನಪಾಗುತ್ತೆ. ನೀರು ಎಗ್ಸಾಸ್ಟ್ ಪೈಪಲ್ಲಿ ಇಳಿದು, ಎಂಜಿನ್ ನಿಂತಾಗ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅದರೊಳಗೆ ಸೇರ್ಕೊಂಡಿದೆ. ಗಾಳೀನ ಅದುಮಬಹುದು, ನೀರನ್ನ ಆಗಲ್ಲ. ನಾನು ಹೇಳ್ದಂಗೆ ನೇರ ಬಟನ್ ಒತ್ತಿದ್ರೆ ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಗ್ಗಿರೋದು, ಇಲ್ಲ ಸಿಲಿಂಡರ್ ಹೆಡ್ಡೇ ಒಡೆದಿರೋದು. ಹೊಸ ಬ್ಯಾಟರಿ ಇಟ್ಕೊಂಡು ಪೂಜೆ ಮಾಡ್ಬೇಕಿತ್ತು.

ಆ ಶನಿವಾರ ಭಾನುವಾರ ಎರಡೂ ಅದಕ್ಕೇ ಹೋಯ್ತು. ಮೂರನೇ ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ್ವಿ, ಲೈನರ್ (ಸಿಲಿಂಡರಿನ ಒಳಗೋಡೆ) ಮೇಲೆ ತೆಳುವಾಗಿ ತುಕ್ಕಿನ ಗೆರೆ, ಆಳ ಇಲ್ಲ. ಒಳಗೆ ಎಣ್ಣೆ ಬಿಟ್ಟು ರಾತ್ರಿ ನೆನೆಸಿ ಬೆಳಗ್ಗೆ ಮತ್ತೆ ತಿರುಗಿಸಿದ್ವಿ. ಸಂಪಿನ (ಎಂಜಿನ್ ತಳದ ಎಣ್ಣೆ ತೊಟ್ಟಿ) ಡ್ರೈನ್ ಒಂಚೂರು ಸಡಿಲ ಮಾಡಿ ಕೆಳಗೆ ಲೋಟ ಹಿಡಿದೆ, ನೀರು ಭಾರ ಅಲ್ವಾ, ಕೆಳಗೇ ಕೂತಿರುತ್ತೆ, ಅರ್ಧ ಲೋಟ ನೀರು ಬಂದು ಆಮೇಲೆ ಕಪ್ಪು ಎಣ್ಣೆ ಬಂತು. ಎಣ್ಣೆ ಮಜ್ಜಿಗೆ ಥರ ಬೆಳ್ಳಗಾಗಿದ್ರೆ ಕಥೆ ಬೇರೆ ಇತ್ತು, ಆಗಿರ್ಲಿಲ್ಲ. ದೊಡ್ಡಪ್ಪಂಗೆ ವಿಡಿಯೋ ಕಾಲ್ ಮಾಡಿ ಆ ಲೋಟ ತೋರಿಸಿದೆ, "ಬೆರಳಲ್ಲಿ ಉಜ್ಜಿ ನೋಡೋ, ತರಿತರಿ ಸಿಗುತ್ತಾ?" ಅಂದ್ರು, ಇಲ್ಲ ಅಂದೆ, ಹಾಗಾದ್ರೆ ಬೇರಿಂಗ್ ಸದ್ಯಕ್ಕೆ ಬಚಾವ್ ಅಂದ್ರು. ಸಂಬಳದ ವಿಷ್ಯ ಮತ್ತೆ ಎತ್ಲಿಲ್ಲ.

ಭಾನುವಾರ ಮೂರೂವರೆಗೆ ಕಾಕ್‌ಗಳೆಲ್ಲ ಮುಚ್ಚಿ, ರೇಡಿಯೇಟರ್ ನೀರು ನೋಡಿ, ಬಟನ್ ಒತ್ತೋಕೆ ಅಜ್ಜ ನಂಗೇ ಬಿಟ್ರು. ಇದಕ್ಕೆ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಬ್ಯಾಟರಿ ಕರೆಂಟ್ ಹೋಗಿ ಜನರೇಟರೇ ಮೋಟಾರ್ ಆಗಿ ಎಂಜಿನ್ ತಿರುಗಿಸುತ್ತೆ. ಆಯಿಲ್ ಪ್ರೆಷರ್ ಮುಳ್ಳು ಏಳೋವರೆಗೂ ಬೆರಳು ತೆಗೀಬಾರ್ದು, ತೆಗೆದ್ರೆ ತಾನಾಗೇ ಆಫ್. ಒತ್ತಿದೆ. ಹೂಂ ಅಂತ ನರಳಿ ಎರಡು ಸುತ್ತು ತಿರುಗ್ತು, ಒಂದು ಸಿಲಿಂಡರ್ ಕೆಮ್ಮಿತು, ಇನ್ನೊಂದು, ಬಿಳಿ ಹೊಗೆ ಶೆಡ್ ತುಂಬ, ಮುಳ್ಳು ಎದ್ದು ನಿಂತ್ಮೇಲೂ ನಾನು ಬೆರಳು ತೆಗೆದಿರ್ಲಿಲ್ಲ, ಅಜ್ಜ ಕೈ ಮೇಲೆ ತಟ್ಟಿ ಸಾಕು ಬಿಡು ಅಂದ್ರು.

ಮಾರನೇ ವಾರ ಚಿಮಣಿಗೆ ಮುಚ್ಚಳದ ಜವಾಬ್ದಾರಿ ನನ್ನ ಮೇಲೇ ಬಿತ್ತು. ಮನೇಲಿ ತಳ ಸೀದ ಐದು ಲೀಟರಿನ ಸ್ಟೀಲ್ ಪಾತ್ರೆ ಇತ್ತು, ಬಿಸಿಬೇಳೆ ಬಾತ್ ಮಾಡಿ ಹಾಳು ಮಾಡಿದ್ದು, ಅದನ್ನ ಬೋರಲು ಹಾಕಿ ಹಗ್ಗ ಕಟ್ಟಿದೆ, ಅಳತೆಗೆ ಮಾಡಿಸ್ದಂಗೆ ಕೂತ್ಕೊಳ್ತು. ಪಾತ್ರೆ ಇದೆ ಅಂತ ನೆನಪಿಸೋಕೆ ಸ್ಟಾರ್ಟ್ ಬಟನ್ನಿಗೆ ಕೆಂಪು ಟ್ಯಾಗ್ ತಗಲಿ ಹಾಕೋದು ನಿಯಮ. ಈಸ್ಟರ್ ಹೊತ್ತಿಗೆ ಒಬ್ಬ ಹೊಸ ಹುಡುಗ ಟ್ಯಾಗ್ ತೆಗೆದು ಜೇಬಿಗೆ ಹಾಕ್ಕೊಂಡು ಬಟನ್ ಒತ್ತಿದ, ಪ್ಲಾಟ್‌ಫಾರ್ಮಲ್ಲಿ ಜನ ನೋಡ್ತಿದ್ದಂಗೆ ನಮ್ಮ ಪಾತ್ರೆ ಎಗರಿ ಬಾನೆಟ್ ಮೇಲೆ ಠಣ್ ಅಂತ ಬಿದ್ದು ಹಗ್ಗದಲ್ಲಿ ನೇತಾಡ್ತು. ಈಗ ಅದಕ್ಕೊಂದು ನೆಗ್ಗು ಇದೆ, ಆದ್ರೆ ಸೋರಲ್ಲ.